ಬುರುಜಿನ ಮೇಲಿನ ಬಿಳಿ ಅರಿವೆ

ಬೆಳಗಿನ ಐದೂವರೆ. ಬಂಡೆಗುಡ್ಡದ ಕೋಟೆಯ ಮೆಟ್ಟಿಲು ಇನ್ನೂ ಸರಿಯಾಗಿ ಕಾಣುತ್ತಿಲ್ಲ. ಆದರೂ ಮಾಳಿಂಗರಾಯ ಬ್ಯಾಟರಿ ಹಚ್ಚುವುದಿಲ್ಲ. ಮುನ್ನೂರ ನಲವತ್ತು ಮೆಟ್ಟಿಲು, ಇಪ್ಪತ್ತಾರು ವರ್ಷ. ಯಾವ ಕಲ್ಲು ಅಲುಗಾಡುತ್ತದೆ, ಯಾವುದರ ಸಂದಿಯಲ್ಲಿ ಚೇಳು ಮನೆ ಮಾಡಿದೆ ಎಂಬುದೆಲ್ಲ ಅವರ ಕಾಲಿಗೆ ಬಾಯಿಪಾಠವಾಗಿದೆ. ಹೆಗಲ ಮೇಲೆ ಕಸಬರಿಗೆ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ನಾಲ್ಕು ಮೆಟ್ಟಿಲು ಹಿಂದೆ ಹೆಂಡತಿ ಪಾರ್ವತೆಮ್ಮ ಏದುಸಿರು ಬಿಡುತ್ತ ಬರುತ್ತಿದ್ದಾರೆ. ಉಸಿರು ಸಿಕ್ಕಿಕೊಂಡರೂ ಅವರ ಮಾತು ಸಿಕ್ಕಿಕೊಳ್ಳುವುದಿಲ್ಲ.

"ನಿಮಗೇನ್ರೀ, ಗುಡ್ಡದಾಗ ಹುಟ್ಟಿದವರು. ನಮ್ಮ ಸಾಲಗುಂದದಾಗ ಎತ್ತರ ಅಂದ್ರ ಕಾಲುವಿ ಏರಿ. ಅದನ್ನ ಹತ್ತಿ ಇಳಿದ್ರ ಊರಿಗೆ ಊರೇ ದಣಿತಿತ್ತು," ಎನ್ನುತ್ತಾರೆ.

ಬುರುಜು ಮುಟ್ಟಿದ ಕೂಡಲೇ ಮಾತು ತಾನಾಗಿ ನಿಲ್ಲುತ್ತದೆ. ಇಬ್ಬರೂ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಕೆಳಗೆ ಕೃಷ್ಣೆ. ಎಡಕ್ಕೆ ಒಂದು ಮೈಲಿ ದೂರದಲ್ಲಿ ಹೊಳೆ ತಿರುಗುವ ಜಾಗ. ಆ ತಿರುವಿನ ನಡುನೀರಿನಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ಕರಿಬಂಡೆ ಇದೆ. ಊರಿನವರು ಅದನ್ನು ಎಮ್ಮೆಬಂಡೆ ಎಂದೇ ಕರೆಯುತ್ತಾರೆ. ಮಾಳಿಂಗರಾಯ ಬಲಗಣ್ಣು ಕಿರಿದು ಮಾಡಿ ನೋಡುತ್ತಾರೆ. ಪಾರ್ವತೆಮ್ಮ ಅವರ ಮುಖ ನೋಡುತ್ತಾರೆ.

"ಬೆನ್ನು ಕಾಣಾಕತ್ತೈತಿ," ಎನ್ನುತ್ತಾರೆ ಮಾಳಿಂಗರಾಯ.

"ಹೂಂ, ಕಾಣಾಕತ್ತೈತಿ," ಎನ್ನುತ್ತಾರೆ ಪಾರ್ವತೆಮ್ಮ.

ಗಂಟು ಬಿಚ್ಚಿ, ಆರು ಮೊಳದ ಬಿಳಿ ಅರಿವೆಯನ್ನು ಬುರುಜಿನ ಕಂಬಕ್ಕೆ ಕಟ್ಟುತ್ತಾರೆ. ಅದು ಗಾಳಿಗೆ ಬಿಚ್ಚಿಕೊಂಡು ಎರಡು ನಿಮಿಷವಾಗಿಲ್ಲ, ಕೆಳಗಿನ ನಡುಗಡ್ಡೆಯಿಂದ ಚರ್ಚಿನ ಗಂಟೆ ಮೂರು ಸಲ ಬಾರಿಸುತ್ತದೆ. ದಡದಲ್ಲಿ ಅಂಬಿಗ ಪಂಪಾವತಿ ಮಗುಚಿಟ್ಟ ಹರಿಗೋಲನ್ನು ಎತ್ತಿ ನೀರಿಗಿಳಿಸುತ್ತಾರೆ. ಇವತ್ತು ಭಾನುವಾರ, ಮಂದಿ ಬರುವ ದಿನ.

ಲಿಂಗಸುಗೂರಿನಿಂದ ಗುರುಗುಂಟಾ ದಾಟಿ ಹೊಳೆಯ ಕಡೆಗೆ ಬಂದರೆ ಬಂಡೆಗುಡ್ಡ ಸಿಗುತ್ತದೆ. ಮೇಲೆ ಕೋಟೆ, ಕೆಳಗೆ ಸನ್ಯಾಸಿಗಡ್ಡೆ ಎಂಬ ನಡುಗಡ್ಡೆ. ಆ ಗಡ್ಡೆಯ ಮೇಲೆ ಸುಣ್ಣ ಬಳಿದ ಹಳೆಯ ಚರ್ಚು. ಎಂದೋ ಒಬ್ಬ ಪರದೇಶದ ಪಾದ್ರಿ ಇಲ್ಲಿ ಒಂಟಿಯಾಗಿದ್ದನಂತೆ. ಕೋಟೆ ಕಟ್ಟಿ ಮಿಕ್ಕ ಕಲ್ಲನ್ನೇ ಬೇಡಿ ತಂದು ಗುಡಿ ಕಟ್ಟಿಸಿದನಂತೆ. ನಿಜವೋ ಸುಳ್ಳೋ, ಎರಡರ ಕಲ್ಲೂ ಒಂದೇ ಬಣ್ಣ, ಬಾಗಿಲಿನ ಕಮಾನೂ ಒಂದೇ ತರಹ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಂದ ಬರುವವರು ಬೆಳಿಗ್ಗೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ, ಬಿಸಿಲು ಇಳಿದ ಮೇಲೆ ಕೋಟೆ ಹತ್ತುತ್ತಾರೆ. ಚರ್ಚಿನೊಳಗಿನ ಮಾತೆಯನ್ನು ಹೊಳೆಮಾತೆ ಎಂದು ಕರೆದು, ಹರಕೆ ಹೊತ್ತು ತೆಂಗಿನಕಾಯಿ ಒಡೆಯುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಎಲ್ಲರ ಫೋಟೊದಲ್ಲೂ ಹಿನ್ನೆಲೆಗೆ ಬುರುಜು ಇರುತ್ತದೆ. ಬುರುಜಿನ ಮೇಲೆ ಕಡ್ಡಿಯಷ್ಟು ದಪ್ಪಗೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನು ಯಾರೆಂದು ಯಾರೂ ಕೇಳುವುದಿಲ್ಲ.

ಅವನೇ ಈ ಮಾಳಿಂಗರಾಯ. ವಯಸ್ಸು ಐವತ್ತೆಂಟು. ಕಾಗದದ ಮೇಲೆ ಅವರು ಕೋಟೆಯ ಕಸ ಗುಡಿಸುವ ದಿನಗೂಲಿ. ಅರಿವೆ ಕಟ್ಟುವ ಕೆಲಸ ಯಾವ ಕಾಗದದಲ್ಲೂ ಇಲ್ಲ, ಯಾವ ಸಾಹೇಬರೂ ಹೇಳಿದ್ದಲ್ಲ.

"ಮೊದಲನೇ ವರ್ಷ ರೀ. ಹಿಂಗ ಬುರುಜಿನ ಮ್ಯಾಲ ಕಸ ಹೊಡಿಯಾಕತ್ತಿದ್ದೆ. ನೋಡಿದ್ರ ತಿರುವಿನಾಗ ಕೆಂಪು ನೀರು ಬರಾಕತ್ತೈತಿ. ಕೆಳಗ ಹರಿಗೋಲಿನಾಗ ಮಂದಿ. ಎಷ್ಟು ಒದರಿದೆ, ಕೇಳಸಲಿಲ್ಲ. ತಲಿ ಮ್ಯಾಲಿನ ರುಮಾಲು ತಗದು ಬೀಸಿದೆ. ಅವರು ಏನು ಮಾಡಿದ್ರು ಹೇಳ್ರಿ? ಅವರೂ ಕೈ ಬೀಸಿ ನನಗ ಟಾಟಾ ಮಾಡಿದ್ರು!"

ಹೇಳಿ ನಗುತ್ತಾರೆ. ಆದರೆ ಅವತ್ತು ನಗುವ ಹಾಗಿರಲಿಲ್ಲ. ಹರಿಗೋಲು ಬುಗುರಿಯಂತೆ ಸುತ್ತಿ, ಒಂದು ಜಾಲಿ ಗಿಡಕ್ಕೆ ಸಿಕ್ಕಿಕೊಂಡು, ಒಂಬತ್ತು ಜನ ಅದೃಷ್ಟದಿಂದ ಉಳಿದರು. ಮರುದಿನವೇ ಮಾಳಿಂಗರಾಯ ಗುಡ್ಡ ಇಳಿದು, ಆಗ ಹುಟ್ಟು ಹಾಕುತ್ತಿದ್ದ ಪಂಪಾವತಿಯ ತಂದೆಯ ಹತ್ತಿರ ಹೋದರು. ಇಬ್ಬರೂ ದಡದ ಮೇಲೆ ಕೂತು ಇಶಾರೆ ಗೊತ್ತು ಮಾಡಿಕೊಂಡರು. ಎಮ್ಮೆಬಂಡೆಯ ಬೆನ್ನು ಕಂಡರೆ ಬಿಳಿ. ಬೆನ್ನು ಮುಳುಗಿದರೆ ಕೆಂಪು. ಬಂಡೆ ಮುಳುಗಿ ಆ ನೀರು ಗಡ್ಡೆಗೆ ಬರಲು ಇಪ್ಪತ್ತು ನಿಮಿಷ ಬೇಕು, ಹರಿಗೋಲು ಹೊಳೆ ದಾಟಲು ಹನ್ನೆರಡು ನಿಮಿಷ. ಅಷ್ಟರ ಮೇಲೆ ಇಡೀ ಲೆಕ್ಕ ನಿಂತಿದೆ. ಕೆಂಪು ಕಂಡಾಗ ನಡುಹೊಳೆಯಲ್ಲಿದ್ದ ಹರಿಗೋಲಿಗೆ ದಡ ಸೇರಲು ಸಮಯವಿರುತ್ತದೆ, ದಡದಲ್ಲಿದ್ದದ್ದು ಮಾತ್ರ ನೀರಿಗಿಳಿಯಬಾರದು.

ಈಗ ಫೋನಿದೆಯಲ್ಲ ಎಂದು ಕೇಳುವವರಿದ್ದಾರೆ. ಹೊಳೆ ಎರಡು ಗುಡ್ಡಗಳ ನಡುವೆ ಹರಿಯುವುದರಿಂದ ಕೆಳಗೆ ಫೋನು ಫೋಟೊ ತೆಗೆಯಲು ಮಾತ್ರ ಬರುತ್ತದೆ, ಮಾತಾಡಲು ಬರುವುದಿಲ್ಲ. ಮೇಲಿನ ಜಲಾಶಯದಿಂದ ನೀರು ಬಿಟ್ಟರೆ ಮುಂಚೆ ಡಂಗುರವೇನೋ ಆಗುತ್ತದೆ. ಆದರೆ ತಿರುವಿನ ಮೇಲ್ಗಡೆ ಬಂದು ಕೂಡುವ ಹಳ್ಳ ಯಾರಿಗೂ ಹೇಳಿ ಬರುವುದಿಲ್ಲ. ಎಲ್ಲೋ ಮಳೆಯಾಗುತ್ತದೆ, ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ನೀರು ಬರುತ್ತದೆ.

ಇಪ್ಪತ್ತಾರು ವರ್ಷದಲ್ಲಿ ಇಶಾರೆ ತಪ್ಪಿದ್ದು ಒಂದೇ ಸಲ. ಅದು ಪಾರ್ವತೆಮ್ಮನವರ ಕೃಪೆ. ಗಂಡನಿಗೆ ಬುತ್ತಿ ತಂದವರು, ಮೇಲಿನ ಹೊಂಡದಲ್ಲಿ ಮಳೆನೀರು ತಿಳಿಯಾಗಿದೆಯೆಂದು ಸೀರೆ ಒಗೆದು ಬುರುಜಿನ ಗೋಡೆಗೆ ಒಣಹಾಕಿದರು. ಹೊಚ್ಚ ಹೊಸ ಕೆಂಪು ಸೀರೆ. ಮಾಳಿಂಗರಾಯ ಆ ಹೊತ್ತಿಗೆ ಕೋಟೆಯ ಇನ್ನೊಂದು ಮಗ್ಗುಲಲ್ಲಿ ಕಸ ಗುಡಿಸುತ್ತಿದ್ದರು. ಸೀರೆ ಒಣಗುವ ತನಕ ಮಸ್ಕಿಯ ಇಪ್ಪತ್ತು ಜನ ನಡುಗಡ್ಡೆಯಲ್ಲಿ ಕೂತರು. ಕೆಂಪಿನ ಪಕ್ಕದಲ್ಲಿ ಬಿಳಿಯೂ ಹಾರುತ್ತಿದ್ದುದರಿಂದ ಪಂಪಾವತಿಯ ತಂದೆ, ಇದು ಯಾವ ಹೊಸ ಇಶಾರೆ ಎಂದು ತಲೆ ಕೆರೆದುಕೊಂಡರಂತೆ.

"ಅವತ್ತಿನಿಂದ ಇವರು ನನಗ ಕೆಂಪು ಸೀರಿ ಕೊಡಿಸೇ ಇಲ್ಲ," ಎನ್ನುತ್ತಾರೆ ಪಾರ್ವತೆಮ್ಮ. ಆ ಸಿಟ್ಟು ಇನ್ನೂ ಇಳಿದಂತಿಲ್ಲ.

ಇಷ್ಟು ವರ್ಷ ಮಂದಿಯನ್ನು ನಡುಗಡ್ಡೆಗೆ ದಾಟಿಸಿದ ಮಾಳಿಂಗರಾಯ ತಾವು ಮಾತ್ರ ಒಂದು ಸಲವೂ ಅಲ್ಲಿಗೆ ಹೋಗಿಲ್ಲ. ಹೋಗುವುದಾದರೂ ಹೇಗೆ? ಅವರು ಹರಿಗೋಲಿನಲ್ಲಿ ಕೂತರೆ ಬುರುಜಿನ ಮೇಲೆ ಯಾರಿರುತ್ತಾರೆ? ಚರ್ಚಿನ ಗಂಟೆ ದಿನವೂ ಕೇಳುತ್ತದೆ, ಅದನ್ನು ಬಾರಿಸುವ ಗ್ಯಾನಮ್ಮನ ಮುಖ ಮಾತ್ರ ಅವರು ನೋಡಿಲ್ಲ.

ಇವತ್ತು ಹೋಗುತ್ತಿದ್ದಾರೆ. ಆದರೆ ಹೊಳೆಮಾತೆಯ ದರ್ಶನವೊಂದಕ್ಕೇ ಅಲ್ಲ. ಇವತ್ತು ಅವರ ಕಣ್ಣಿಗೆ ಪರೀಕ್ಷೆ ಇದೆ.

ಕಳೆದ ವರ್ಷದ ಚಳಿಗಾಲದಲ್ಲಿ ಎಮ್ಮೆಬಂಡೆ ಮಸುಕಾಗತೊಡಗಿತು. "ಹೊಳಿ ಮ್ಯಾಲ ಮಂಜು ಬಿದ್ದೈತಿ ಅನ್ಕೊಂಡೆ ರೀ. ಯುಗಾದಿ ಬಂದ್ರೂ ಮಂಜು ಹೋಗಲಿಲ್ಲ." ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂಬ ಹೆದರಿಕೆ. ನೀರಿನ ಸದ್ದಿಗೆ ಕಿವಿ ಕೊಟ್ಟು ಎಂಟು ದಿನ ಅಂದಾಜಿನ ಮೇಲೆ ಬಿಳಿ ಕಟ್ಟಿದರು. ಆ ಎಂಟು ದಿನದ ಮಾತು ಬಂದರೆ ಇವತ್ತಿಗೂ ಅವರ ದನಿ ಇಳಿಯುತ್ತದೆ. "ಅದು ತಪ್ಪು. ಯಾರಿಗೂ ಏನೂ ಆಗಲಿಲ್ಲ ಅಂತ ಅದು ತಪ್ಪಲ್ಲ ಅಂತ ಆಗಂಗಿಲ್ಲ," ಎನ್ನುತ್ತಾರೆ.

ಒಂಬತ್ತನೆಯ ದಿನ ಗರಿಗಳ ಭಾನುವಾರ, ಚರ್ಚಿನ ದೊಡ್ಡ ಹಬ್ಬ. ದಡದಲ್ಲಿ ನೂರಾರು ಜನ, ಎಲ್ಲರ ಕೈಯಲ್ಲಿ ಈಚಲು ಗರಿ. ಮಾಳಿಂಗರಾಯ ಬುರುಜಿನ ಮೇಲೆ ನಿಂತು ಕಣ್ಣುಜ್ಜಿ ಉಜ್ಜಿ ನೋಡಿದರು. ಬಂಡೆಯೂ ಇಲ್ಲ, ತಿರುವೂ ಇಲ್ಲ. ಎಲ್ಲ ಹಾಲು ಚೆಲ್ಲಿದ ಹಾಗೆ. ಅವರು ಕೆಂಪು ಕಟ್ಟಿದರು.

ಕೆಳಗೆ ಹೊಳೆ ಮಲಗಿದ ಹಾಗಿತ್ತು. ಅರ್ಧ ತಾಸು ಕಾದ ಪಂಪಾವತಿ ಮುನ್ನೂರ ನಲವತ್ತು ಮೆಟ್ಟಿಲನ್ನು ಸಿಟ್ಟಿನಿಂದಲೇ ಹತ್ತಿ ಬಂದರು. "ಕಾಕಾ, ನಿಮಗ ಏನಾಗೈತಿ? ನೀರೇ ಇಲ್ಲ, ಕೆಂಪು ಯಾಕ ಕಟ್ಟೀರಿ? ಮಂದಿ ನನ್ನ ಹರಕೊಂಡು ತಿನ್ನಾಕತ್ಯಾರ!"

"ನನಗ ಕಾಣವಲ್ದಪ್ಪ," ಎಂದರು ಮಾಳಿಂಗರಾಯ. "ಕಾಣಲಿಲ್ಲ ಅಂದ್ರ ಕೆಂಪೇ ಕಟ್ಟಬೇಕು."

ಪಂಪಾವತಿಯ ಸಿಟ್ಟು ಅಲ್ಲೇ ಇಳಿಯಿತು. ಗೋಡೆಗೆ ಆತು ಕುಳಿತುಬಿಟ್ಟರಂತೆ. ಬುತ್ತಿ ಹೊತ್ತು ಬಂದ ಪಾರ್ವತೆಮ್ಮ ವಿಷಯ ಕೇಳಿ, ಅಳಲೂ ಇಲ್ಲ, ಬೈಯಲೂ ಇಲ್ಲ. ತಿರುವಿನ ಕಡೆ ನೋಡಿ, "ಬೆನ್ನು ಕಾಣಾಕತ್ತೈತಿ. ಬಿಳೇದು ಕಟ್ರಿ," ಎಂದರು. ಅವತ್ತಿನಿಂದ ದಿನಕ್ಕೆರಡು ಸಲ ಅವರೂ ಗುಡ್ಡ ಹತ್ತುತ್ತಿದ್ದಾರೆ. ಅವರಿಗೆ ಮೊಣಕಾಲು ನೋವು. ಹತ್ತುವಾಗ ಅಷ್ಟು ಮಾತಾಡುವುದು ನೋವು ಮರೆಯಲಿಕ್ಕೆ ಎಂಬುದು ಗಂಡನಿಗೂ ಗೊತ್ತು.

ಗುರುಗುಂಟಾದ ಟಂಟಂ ಆಟೊದ ಚಾಲಕ ಶಾಕೀರ್ ಮಾಳಿಂಗರಾಯರನ್ನು ಸಿಂಧನೂರಿನ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಎರಡೂ ಕಣ್ಣಿಗೆ ಮೋತಿಬಿಂದು ಎಂದರು. ಮೊದಲು ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣಿನದು ಇನ್ನು ಬರುವ ತಿಂಗಳು ಆಗಬೇಕು. ನಲವತ್ತು ದಿನ ಕರಿ ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತ ಮಾಳಿಂಗರಾಯರನ್ನು ನೋಡಿ ಮೊಮ್ಮಕ್ಕಳು ಸಿನೆಮಾ ಹೀರೊ ಎಂದು ಚುಡಾಯಿಸಿದವು. ಮಳೆಗಾಲದಲ್ಲಿ ಹೇಗೂ ಹರಿಗೋಲು ಇಳಿಯುವುದಿಲ್ಲ. ದಸರೆ ಮುಗಿದು ಹೊಳೆ ತಗ್ಗಿದ ಮೇಲೆ ಕೋಟೆ ಹತ್ತಿ ನೋಡಿದರೆ ಎಮ್ಮೆಬಂಡೆ ಕಂಡಿತು.

ಆದರೆ ಪಂಪಾವತಿಗೆ ಪೂರ್ತಿ ಭರವಸೆ ಬರಲಿಲ್ಲ. ಅವರನ್ನು ತಪ್ಪೆನ್ನಲಾಗದು, ಹನ್ನೆರಡು ಜನರ ಜೀವ ಅವರ ಹುಟ್ಟಿನ ಮೇಲಿರುತ್ತದೆ. "ಕಾಕಾ, ನೀವು ಕಾಣ್ತೈತಿ ಅಂತೀರಿ. ಚಳಿಗಾಲದಾಗೂ ಹಂಗೇ ಅಂದಿದ್ರಿ. ಒಂದು ದಿನ ಗಡ್ಡಿಗೆ ಬರ್ರಿ. ಕಾಕಿ ಮ್ಯಾಲ ಇರಲಿ. ಬುರುಜಿನ ಮ್ಯಾಲ ಏನೈತಿ ಅಂತ ನೀವು ಕೆಳಗಿಂದ ಹೇಳ್ರಿ," ಎಂದರು. ಕಾಣದಿದ್ದರೆ ನಾಳೆಯಿಂದ ಗುಡ್ಡ ಹತ್ತುವುದಿಲ್ಲ ಎಂದು ಮಾಳಿಂಗರಾಯ ತಾವೇ ಮಾತು ಕೊಟ್ಟರು.

ಪರೀಕ್ಷೆಗೆ ಒಮ್ಮೆ ಕೆಂಪು, ಒಮ್ಮೆ ಬಿಳಿ ಕಟ್ಟಲಿ ಎಂದು ಪಂಪಾವತಿ ಹೇಳಿದಾಗ ಪಾರ್ವತೆಮ್ಮ ಕೆಂಡವಾದರು. "ಕೆಂಪು ಆಟಕ್ಕ ಕಟ್ಟಾದಲ್ಲ. ಒಂದು ಸೀರಿ ಒಣಹಾಕಿದ್ದಕ್ಕ ಇಷ್ಟು ವರ್ಷ ಅನಿಸಿಕೊಂಡೀನಿ. ಒಂದೋ ಎರಡೋ, ಬಿಳೇದೇ ಕಟ್ತೀನಿ. ಎಷ್ಟು ಅಂತ ಹೇಳ್ಲಿ."

ಹಾಗೆಂದೇ ಇವತ್ತು ಎಂಟು ಗಂಟೆಗೆ ಮಾಳಿಂಗರಾಯ ಮೊದಲ ಸಲ ಹರಿಗೋಲಿನಲ್ಲಿ ಕೂತಿದ್ದಾರೆ. ಎರಡೂ ಕೈಯಿಂದ ಅಂಚು ಗಟ್ಟಿಯಾಗಿ ಹಿಡಿದಿದ್ದಾರೆ. ಗುಡ್ಡದ ತುದಿಯಲ್ಲಿ ಮೇಕೆಯ ಹಾಗೆ ಓಡಾಡುವ ಮನುಷ್ಯನಿಗೆ ನೀರೆಂದರೆ ಹೆದರಿಕೆ ಎಂಬುದು ಪಂಪಾವತಿಗೆ ಇವತ್ತೇ ಗೊತ್ತಾದದ್ದು.

ಗಡ್ಡೆಯ ಮೇಲೆ ಎಪ್ಪತ್ತರ ಗ್ಯಾನಮ್ಮ ಗಂಟೆಯ ಹಗ್ಗದ ಹತ್ತಿರವೇ ನಿಂತಿದ್ದಾರೆ. ಬಂದವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ನೀನೇ ಏನಪಾ ಅರಿವಿ ಕಟ್ಟೋ ತಮ್ಮ? ಇಷ್ಟೇ ಇದ್ದೀಯಾ? ನಾ ಭಾಳ ಎತ್ತರದ ಆಳು ಅನ್ಕೊಂಡಿದ್ದೆ," ಎನ್ನುತ್ತಾರೆ.

"ನಿಮ್ಮ ಗಂಟಿ ಕೇಳಿದ ಮ್ಯಾಲೇ ನಾ ದಿನಾ ಚಾ ಕುಡಿಯೋದ್ರೀ ಅಕ್ಕಾರ," ಎನ್ನುತ್ತಾರೆ ಮಾಳಿಂಗರಾಯ. ಗ್ಯಾನಮ್ಮ ಅವರ ಕೈ ಹಿಡಿದುಕೊಂಡು ಚರ್ಚಿನೊಳಗೆ ಕರೆದೊಯ್ಯುತ್ತಾರೆ. ಕಾಯಿ ಒಡೆದು, ಮೇಣದಬತ್ತಿ ಹಚ್ಚಿ ಹೊರಗೆ ಬಂದಾಗ ಪಂಪಾವತಿ ಕಾದಿದ್ದಾರೆ.

ಮಾಳಿಂಗರಾಯ ಎಡಗಣ್ಣು ಮುಚ್ಚಿ, ತಲೆ ಎತ್ತಿ ನೋಡುತ್ತಾರೆ. ಇಪ್ಪತ್ತಾರು ವರ್ಷ ಮೇಲಿನಿಂದ ಕೆಳಗೆ ನೋಡಿದವರು ಕೆಳಗಿನಿಂದ ಮೇಲೆ ನೋಡುವುದು ಇದೇ ಮೊದಲು. ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ ಮತ್ತೆ ಮತ್ತೆ ನೋಡುತ್ತಾರೆ. ಪಂಪಾವತಿಯ ಮುಖ ಸಣ್ಣಗಾಗುತ್ತದೆ.

"ಎರಡು," ಎನ್ನುತ್ತಾರೆ ಕೊನೆಗೆ. "ಎಡಗಡಿದು ಚೂರು ಇಳಿಬಿದ್ದೈತಿ. ಗಂಟು ಸಡಲ ಕಟ್ಯಾಳ."

ಪಂಪಾವತಿ ಅಂಗೈ ಹಣೆಗೆ ಹಚ್ಚಿ ನೋಡಿ ನಕ್ಕುಬಿಡುತ್ತಾರೆ. "ಎರಡು ಅನ್ನೋದು ಬರೋಬ್ಬರಿ. ಗಂಟು ನನಗೇ ಕಾಣವಲ್ದು ಕಾಕಾ!"

ಪರೀಕ್ಷೆ ಮುಗಿಯಿತು. ವಾಪಸ್ಸು ಹೋಗುವ ಹನ್ನೊಂದು ಜನ ಹರಿಗೋಲಿನಲ್ಲಿ ಕೂರುತ್ತಾರೆ. ಅವರಲ್ಲಿ ಲಿಂಗಸುಗೂರಿನ ಕಿರಾಣಿ ಅಂಗಡಿಯ ಸಿದ್ದಲಿಂಗೇಶರೂ ಒಬ್ಬರು, ಅವರಿಗೆ ಅಂಗಡಿ ತೆಗೆಯುವ ಅವಸರ. ಮಾಳಿಂಗರಾಯ ಹನ್ನೆರಡನೆಯವರು. ಒಂದು ಕಾಲು ಹರಿಗೋಲಿನಲ್ಲಿಟ್ಟವರು ಅಭ್ಯಾಸಬಲದಿಂದ ಇನ್ನೊಮ್ಮೆ ಬುರುಜಿನ ಕಡೆ ನೋಡುತ್ತಾರೆ. ಎರಡೂ ಬಿಳಿ ಕೆಳಗಿಳಿಯುತ್ತಿವೆ. ಬುರುಜು ಒಂದು ಗಳಿಗೆ ಬೋಳಾಗುತ್ತದೆ. ಆಮೇಲೆ ಕೆಂಪು ಏರುತ್ತದೆ.

"ಪಂಪಾವತಿ, ಮಂದೀನ ಇಳಸು," ಎನ್ನುತ್ತಾರೆ.

ಪಂಪಾವತಿ ತಿರುಗಿ ನೋಡುತ್ತಾರೆ. "ಕಾಕಿ ಇನ್ನೊಂದು ಪರೀಕ್ಷಾ ಹಚ್ಯಾಳೇನು?"

"ಹೊಳಿ ನೋಡ್ರಿ, ಅಂಗೈ ಹಂಗೈತಿ," ಎನ್ನುತ್ತಾರೆ ಸಿದ್ದಲಿಂಗೇಶ. "ಹತ್ತು ನಿಮಿಷದಾಗ ದಾಟತೀವಿ. ನಡಿರಿ ಜಲ್ದಿ."

ಆಕಾಶದಲ್ಲಿ ಒಂದು ಮೋಡವಿಲ್ಲ. ನೀರು ಪಾದ ಮುಳುಗುವಷ್ಟು ತೆಳ್ಳಗೆ ದಡ ಸವರುತ್ತಿದೆ. ಪಾರ್ವತೆಮ್ಮ ತಿರುವು ನೋಡುತ್ತಿರುವುದು ಎಷ್ಟು ದಿನದಿಂದ? ಬಿಸಿಲಿಗೆ ಬಂಡೆಯ ನೆರಳು ಕಂಡು ತಪ್ಪಿದರೆ? ಒಂದು ಕ್ಷಣ ಮಾಳಿಂಗರಾಯರ ಎದೆಯಲ್ಲಿ ಈ ಅನುಮಾನ ಹಾದುಹೋಗುತ್ತದೆ. ಇಷ್ಟು ವರ್ಷ ತಾವು ಕಟ್ಟಿದ್ದನ್ನು ನೂರಾರು ಮಂದಿ ಪ್ರಶ್ನೆ ಕೇಳದೆ ನಂಬಿದ್ದರು. ನಂಬುವ ಸರದಿ ಈಗ ಅವರದು.

"ಆಕಿ ಕೆಂಪು ಆಟಕ್ಕ ಕಟ್ಟಂಗಿಲ್ಲ," ಎಂದು ಹರಿಗೋಲಿನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ದಡದ ಮೇಲೆ ಕೂತುಬಿಡುತ್ತಾರೆ. "ನನ್ನ ಎಳಕೊಂಡು ಹೋಗ್ರಿ ಬೇಕಾದ್ರ."

ಗ್ಯಾನಮ್ಮ ಯಾರ ಮಾತಿಗೂ ಕಾಯುವುದಿಲ್ಲ. ಗಂಟೆ ಬಿಡದೆ ಬಾರಿಸತೊಡಗುತ್ತದೆ. ಪಂಪಾವತಿ ಒಮ್ಮೆ ಬುರುಜು ನೋಡಿ, ಒಮ್ಮೆ ಕಾಕಾನ ಮುಖ ನೋಡಿ, ಹುಟ್ಟನ್ನು ದಡಕ್ಕೆ ಎಸೆಯುತ್ತಾರೆ. "ಇಳೀರಿ ಎಲ್ಲಾರೂ. ಮ್ಯಾಲ ಹೋಗ್ರಿ, ಚರ್ಚಿನ ಕಟ್ಟಿಗೆ!" ಮಕ್ಕಳನ್ನು ಎತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮಂದಿ ಮೇಲೆ ಹತ್ತುತ್ತಾರೆ. ಹರಿಗೋಲನ್ನು ನಾಲ್ಕು ಜನ ಮೇಲಕ್ಕೆ ಎಳೆದು ಆಲದ ಬೇರಿಗೆ ಕಟ್ಟುತ್ತಾರೆ, ಮಾಳಿಂಗರಾಯ ಹಗ್ಗದ ತುದಿ ಬಿಡದೆ ಅಲ್ಲೇ ಬೇರಿನ ಮೇಲೆ ಕೂರುತ್ತಾರೆ. ಸಿದ್ದಲಿಂಗೇಶ ಗಡಿಯಾರ ನೋಡುತ್ತ ಗೊಣಗುತ್ತಾರೆ. ಐದು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ.

ಆಮೇಲೆ ಸದ್ದು ಬರುತ್ತದೆ. ಮೊದಲು ದೂರದಲ್ಲಿ ಗಿರಣಿ ತಿರುಗಿದ ಹಾಗೆ, ಆಮೇಲೆ ಹತ್ತಿರ. ಕೆಮ್ಮಣ್ಣಿನ ನೀರು ನೊರೆ, ಮುಳ್ಳುಕಂಟಿ ಹೊತ್ತುಕೊಂಡು ತಿರುವು ದಾಟಿ ಬಂದು, ಹನ್ನೊಂದು ಜನ ಕೂತಿದ್ದ ಜಾಗದ ಮೇಲೆ ಎದೆಮಟ್ಟ ಹರಿಯುತ್ತದೆ. ಒಬ್ಬ ತಾಯಿ ಮಗುವನ್ನು ಅವುಚಿಕೊಂಡು ಅಳುತ್ತಾಳೆ. ಪಂಪಾವತಿ ಬಂದು ಕಾಕಾನ ಪಕ್ಕದಲ್ಲಿ ಕೂತು ಅವರ ಮುಂಗೈಗೆ ಇನ್ನೂ ಸುತ್ತಿಕೊಂಡಿದ್ದ ಹಗ್ಗದ ತುದಿಯನ್ನು ಮೆಲ್ಲಗೆ ಬಿಡಿಸುತ್ತಾರೆ. "ನಾಳಿಂದ ನೀವೇ ಕಟ್ರಿ," ಎನ್ನುತ್ತಾರೆ.

"ನಾನೂ ಆಕೀನೂ," ಎನ್ನುತ್ತಾರೆ ಮಾಳಿಂಗರಾಯ. ಹೇಳುವಾಗ ಅವರ ಹೊಸ ಕಣ್ಣಿನಲ್ಲೂ ಹಳೆಯ ಕಣ್ಣಿನಲ್ಲೂ ನೀರು ತುಂಬಿದೆ. ಡಾಕ್ಟರು ಕಣ್ಣು ಒದ್ದೆ ಮಾಡಿಕೊಳ್ಳಬೇಡಿ ಎಂದು ಹೇಳಿದ್ದರು.

ಹಳ್ಳದ ನೀರು ಬಂದಷ್ಟೇ ಬೇಗ ಇಳಿಯುವುದಿಲ್ಲ. ಗ್ಯಾನಮ್ಮ ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಜೋಳದ ನುಚ್ಚಿಗೆ ಎಸರಿಡುತ್ತಾರೆ. ಅಂಗಡಿ ತೆಗೆಯಬೇಕಿದ್ದ ಸಿದ್ದಲಿಂಗೇಶ ಚಟ್ನಿಗೆ ಉಳ್ಳಾಗಡ್ಡಿ ಹೆಚ್ಚಲು ಕೂರುತ್ತಾರೆ. ಬೇರೆ ಯಾರೂ ಹೇಳಿದ್ದಲ್ಲ, ಅವರೇ ಚಾಕು ಕೇಳಿದ್ದು. ಹೆಚ್ಚುತ್ತ ಹೆಚ್ಚುತ್ತ, "ಅಣ್ಣಾರ, ಆ ಅರಿವಿ ಇಷ್ಟು ವರ್ಷ ನೀವೇ ಕಟ್ಟಾಕತ್ತೀರೇನ್ರೀ?" ಎಂದು ಕೇಳುತ್ತಾರೆ. ಬುರುಜಿನ ಮೇಲಿನ ಕಡ್ಡಿಯಷ್ಟು ದಪ್ಪದ ಮನುಷ್ಯನನ್ನು ಯಾರೆಂದು ಕೇಳಿದ ಮೊದಲ ಯಾತ್ರಿಕ ಅವರೇ ಇರಬೇಕು.

ಮಾಳಿಂಗರಾಯ ಊಟದ ಮೇಲೂ ಬುರುಜಿನಿಂದ ಕಣ್ಣು ತೆಗೆಯುವುದಿಲ್ಲ. ಅಲ್ಲಿ ಪಾರ್ವತೆಮ್ಮ ಬಿಸಿಲಿನಲ್ಲಿ ಅಲುಗಾಡದೆ ನಿಂತಿದ್ದಾರೆ. ಬೆಳಗಿನಿಂದ ಊಟ ಮಾಡಿದ್ದಾಳೋ ಇಲ್ಲವೋ ಎಂದು ಇವರಿಗೆ ಸಂಕಟ. ಮೂರು ಗಂಟೆಯ ಸುಮಾರಿಗೆ ಕೆಂಪು ಇಳಿದು ಬಿಳಿ ಏರುತ್ತದೆ. ಈ ಸಲ ಒಂದೇ, ಗಂಟೂ ಗಟ್ಟಿಯಾಗಿದೆ. ಗ್ಯಾನಮ್ಮ ಹಗ್ಗವನ್ನು ತಾವು ಹಿಡಿಯದೆ ಮಾಳಿಂಗರಾಯರ ಕೈಗೆ ಕೊಡುತ್ತಾರೆ. ಅವರು ಮೂರು ಸಲ ಬಾರಿಸುತ್ತಾರೆ.

ದಿನಗೂಲಿ ಖಾಯಂ ಆಗಬೇಕು, ಯಾರಾದರೂ ಶಾಲು ಹೊದಿಸಬೇಕು, ಅಂಥ ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ವಾಪಸ್ಸು ಬರುವ ಹರಿಗೋಲಿನ ಅಂಚು ಹಿಡಿದು ಕೂತು, ಹತ್ತಿರವಾಗುತ್ತಿರುವ ಗುಡ್ಡವನ್ನೇ ನೋಡುತ್ತಾರೆ.

"ಆರು ಮೊಳ ಸಾಲಂಗಿಲ್ಲ ರೀ. ಲಿಂಗಸುಗೂರಿಗೆ ಹೋಗಿ ಹನ್ನೆರಡು ಮೊಳದ್ದು ತರಬೇಕು," ಎನ್ನುತ್ತಾರೆ. "ಮ್ಯಾಲ ನಿಂತಾಗ ಭಾಳ ದೊಡ್ಡದು ಅನಸ್ತಿತ್ತು. ಇಲ್ಲಿಂದ ನೋಡಿದ್ರ ಕರ್ಚೀಪಿನಷ್ಟು ಕಾಣ್ತೈತಿ. ಇಷ್ಟು ಸಣ್ಣ ಅರಿವಿ ನಂಬಿ ಇಷ್ಟು ಮಂದಿ ಹೊಳಿ ದಾಟ್ಯಾರಲ್ರೀ!"